ಕಾದ ಬೀಜವೂ ಹಂದನಕೆರೆಯ ಅತ್ತೆಯೂ

ತಿಪಟೂರಿನಲ್ಲಿ ನನಗೆ ಹೆಸರೇ ಇರಲಿಲ್ಲ. ಕಾಲೇಜಿನ ಮಕ್ಕಳಿಗೆ ನಾನು ಫಿಸಿಕ್ಸ್ ಮಿಸ್ಸು, ಬೀದಿಗೆ ಬಿಳಿಗೆರೆಯೋಳು. ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ತವರೂರಿನ ಹೆಸರು ಹಿಡಿದೇ ಕರೆಯುವುದು. ಅವಳು ಬಂದು ವಾರವಾಗಿರಲಿ, ಮೊಮ್ಮಕ್ಕಳ ಮದುವೆಯೇ ಆಗಿಹೋಗಿರಲಿ, ಎಲ್ಲಿಂದ ಬಂದಳೋ ಆ ಊರಿನವಳೇ. ನಮ್ಮತ್ತೆ ಹಂದನಕೆರೆ ಬಿಟ್ಟು ಬಂದಾಗ ಸೀರೆ ಉಡುವುದಕ್ಕೂ ಸರಿಯಾಗಿ ಬರುತ್ತಿರಲಿಲ್ಲವಂತೆ. ಆ ಊರಿನ ದಾರಿ ಕೇಳಿದರೆ ಈಗ ತಡವರಿಸುತ್ತಿದ್ದರು. ಆದರೂ ಮಾವನ ಕೊಬ್ಬರಿ ಮಂಡಿಯ ಹಮಾಲಿಗಳಿಂದ ಹಿಡಿದು ಹಾಲು ಹಾಕುವವನ ತನಕ ಎಲ್ಲರ ಬಾಯಲ್ಲೂ ಅವರು ಹಂದನಕೆರೆಯಮ್ಮ. ನನಗೆ ಇದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ. ಕೊಬ್ಬರಿಯದೂ ಅದೇ ಕಥೆ ತಾನೆ? ವರ್ಷವೆಲ್ಲ ಅಟ್ಟದ ಮೇಲೆ ಕೂತು, ಒಲೆಯ ಹೊಗೆ ಕುಡಿದು, ಒಳಗಿನ ನೀರೆಲ್ಲ ಇಂಗಿಸಿಕೊಂಡು ಕೆಳಗಿಳಿದ ಮೇಲೂ ಅದು ಇಂಥವರ ತೋಟದ ಮಾಲು ಅಂತಲೇ ಮಂಡಿಗೆ ಹೋಗುತ್ತದೆ. ಈ ಅಭ್ಯಾಸ ನನ್ನ ತಲೆಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಅಂತ ಗೊತ್ತಾಗುವಷ್ಟರಲ್ಲಿ ಮರ್ಯಾದೆ ಮೂರು ಕಾಸಿಗೆ ಹೋಗಿತ್ತು.

ಶತಮಾನ ಮಗ್ಗುಲು ಬದಲಾಯಿಸುವ ಹೊತ್ತಿಗೆ ನಾನು ಪಿಎಚ್‌ಡಿಗೆ ಸೇರಿದೆ. ಗೈಡು ಬೆಂಗಳೂರಿನಲ್ಲಿ, ಸಂಸಾರ ತಿಪಟೂರಿನಲ್ಲಿ. ನಾನು ಹಿಡಿದುಕೊಂಡ ವಿಷಯವನ್ನು ಯಾರಾದರೂ ಕೇಳಿದರೆ ಹೀಗೆ ಹೇಳುತ್ತಿದ್ದೆ. ಪರಮಾಣುವಿನ ನಡುವೆ ಒಂದು ಬೀಜ ಇದೆ, ನ್ಯೂಕ್ಲಿಯಸ್ ಅಂತಾರೆ. ಅದರೊಳಗೆ ಎರಡು ಜಾತಿಯ ಕಣ, ಪ್ರೋಟಾನು ಮತ್ತು ನ್ಯೂಟ್ರಾನು. ಪ್ರೋಟಾನುಗಳಿಗೆ ವಿದ್ಯುತ್ತಿನ ಅಂಶ ಇರುವುದರಿಂದ ಒಂದನ್ನೊಂದು ದೂಡುತ್ತಾ ಇರುತ್ತವೆ, ನ್ಯೂಟ್ರಾನಿಗೆ ಆ ಗೊಡವೆ ಇಲ್ಲ. ಎರಡು ಬೀಜಗಳನ್ನು ಭಾರೀ ವೇಗದಲ್ಲಿ ಡಿಕ್ಕಿ ಹೊಡೆಸಿದರೆ ಸಿಕ್ಕಾಪಟ್ಟೆ ಕಾಯುತ್ತವೆ. ಅದರ ಮುಂದೆ ಸೂರ್ಯನ ಒಡಲು ತಂಗಳು. ಅಷ್ಟು ಕಾದ ಬೀಜ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಚೂರುಚೂರಾಗುತ್ತದೆ. ಅದಕ್ಕೆ ಥರ್ಮಾಮೀಟರು ಇಡುವ ಮಾತೇ ಇಲ್ಲ. ಹಾರಿಬಂದ ಚೂರುಗಳು ಯಾವುವು, ಎಷ್ಟು ರಭಸದಲ್ಲಿ ಚೆಲ್ಲಾಡಿದವು ಅಂತ ನೋಡಿ ಒಳಗಿನ ಬಿಸಿಯನ್ನು ಲೆಕ್ಕ ಹಾಕಬೇಕು. ಈಗ ಕಣಕ್ಕೆ ಇಷ್ಟು ಅಂತ ಒಂದೇ ಅಳತೆಯ ಶಕ್ತಿಯನ್ನು ಎರಡು ಬೀಜಗಳಿಗೆ ತುಂಬಿ, ಒಂದರಲ್ಲಿ ನ್ಯೂಟ್ರಾನು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇದ್ದರೆ, ಎರಡರ ಬಿಸಿಯೂ ಒಂದೇನಾ? ಇಷ್ಟೇ ನನ್ನ ಪ್ರಶ್ನೆ. ಜಾಸ್ತಿ ಇದ್ದರೆ ಬಿಸಿ ಏರುತ್ತದೆ ಅನ್ನುವ ಪಂಡಿತರಿದ್ದರು, ಇಳಿಯುತ್ತದೆ ಅನ್ನುವವರೂ ಇದ್ದರು, ಏನೂ ಆಗಲ್ಲ ಅಂತ ಕೈ ಕೊಡವಿದವರೂ ಇದ್ದರು.

ಡಿಕ್ಕಿ ಹೊಡೆಸುವ ಯಂತ್ರವೆಲ್ಲ ಸಾಗರದಾಚೆ. ಗೈಡಿನ ಪರಿಚಯದಿಂದ ಅಲ್ಲಿನ ಅಳತೆಗಳು ಸೀಡಿಗಳಲ್ಲಿ ಬಂದವು. ಸತುವಿನ ಬೀಜಗಳ ಡಿಕ್ಕಿ. ನ್ಯೂಟ್ರಾನು ಜಾಸ್ತಿ ಇರುವ ಸತು ಒಂದು ಕಡೆ, ಕಮ್ಮಿ ಇರುವ ಸತು ಇನ್ನೊಂದು ಕಡೆ. ಕಾಲೇಜಿನ ಕಂಪ್ಯೂಟರಿನ ಮುಂದೆ, ಕರೆಂಟು ಇದ್ದಷ್ಟು ಹೊತ್ತು, ಅವನ್ನು ವಿಂಗಡಿಸುತ್ತಾ ಕೂರುತ್ತಿದ್ದೆ. ಕರೆಂಟು ಹೋದರೆ ಬೈಯುತ್ತಾ ಕೂರುತ್ತಿದ್ದೆ. ಬೈಯುವುದರಲ್ಲಿ ನಾನು ಬಿಳಿಗೆರೆಯಲ್ಲೇ ಪಳಗಿದವಳು.

ಮನೆಯಲ್ಲಿ ಒಲೆ ಅತ್ತೆಯದು. ಬೆಳಗಿನ ರೊಟ್ಟಿ, ಮಧ್ಯಾಹ್ನದ ಅನ್ನ ಸಾರು, ರಾತ್ರಿಯ ಮುದ್ದೆ, ನನ್ನ ಮಗಳ ಜಡೆ, ಅವಳ ಸ್ಕೂಲಿನ ಡಬ್ಬಿ, ಎಲ್ಲ ಅತ್ತೆಯ ಕೈಯಲ್ಲಿ. ಮಾವ ಕೊಬ್ಬರಿ ವರ್ತಕರು, ಯಾವುದಕ್ಕೂ ಒಂದು ಗಡುವು ಬೇಕು ಅನ್ನುವ ಜಾತಿ. ಕೆಟ್ಟವರಲ್ಲ. ನಾನು ಕೆಲಸಕ್ಕೆ ಹೋಗುವುದಕ್ಕೆ ಅವರ ತಕರಾರೇನೂ ಇರಲಿಲ್ಲ. ಈ ಓದು ಮಾತ್ರ ಅವರಿಗೆ ಮುಗಿಯದ ಹಾಡು. ಪ್ರತಿ ಯುಗಾದಿಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಕೇಳುವರು, "ಬಿಳಿಗೆರೆಯಮ್ಮಂದು ಯಾವಾಗ ಮುಗೀತದಂತೆ?" ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿರುತ್ತಿದ್ದೆ. ಅತ್ತೆಯೇ ಉತ್ತರ ಕೊಡುವರು, "ಇನ್ನೊಂದು ವರ್ಷ ಬುಡ್ರಿ. ನನ್ ಕೈಯೇನು ಸವೆದೋಯ್ತದಾ?"

ಸವೆದಿತ್ತು. ಮುದ್ದೆಯ ಕೋಲು ತಿರುವಿ ತಿರುವಿ ಅತ್ತೆಯ ಬಲಗೈ ಬೆರಳು ಬೆಳಿಗ್ಗೆ ಎದ್ದ ಕೂಡಲೇ ಮಡಚಲು ಬರುತ್ತಿರಲಿಲ್ಲ. ಒಂದು ಯುಗಾದಿಗೆ ಮಾವ ಖಡಾಖಂಡಿತವಾಗಿ ಹೇಳಿದರು, ಇದೇ ಕೊನೆ, ಈ ಬೇಸಿಗೆಗೆ ಮುಗಿಸಿ ಒಪ್ಪಿಸಿದರೆ ಸರಿ, ಇಲ್ಲದಿದ್ದರೆ ಓದಿಗೆ ಬೀಗ, ಒಲೆ ಸೊಸೆಗೆ. "ಮುಗಿಸ್ತಾಳೆ, ನಾನು ಜವಾಬ್ದಾರಿ" ಅಂದರು ಅತ್ತೆ. ಒಮ್ಮೆ ಬಿಟ್ಟರೆ ನಾನು ಮತ್ತೆ ಹಿಡಿಯುವವಳಲ್ಲ, ಅದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು ಅನ್ನಿಸುತ್ತದೆ.

ಮುಗಿಸಿದೆ ಅಂತಲೇ ಅಂದುಕೊಂಡಿದ್ದೆ. ಜಾಸ್ತಿ ನ್ಯೂಟ್ರಾನಿನ ಸತು, ಕಮ್ಮಿ ನ್ಯೂಟ್ರಾನಿನ ಸತು, ಗ್ರಾಫಿನಲ್ಲಿ ಎರಡರ ಬಿಸಿಯ ಗೆರೆಯೂ ಒಂದರ ಮೇಲೊಂದು ಕೂತಿತ್ತು. ಪ್ರೋಟಾನು ನ್ಯೂಟ್ರಾನುಗಳ ಸಮತೋಲನ ಹೇಗೇ ಇರಲಿ, ಬಿಸಿಗೆ ಅದರ ಪರಿವೆ ಇಲ್ಲ. ಇದೇ ನನ್ನ ಉತ್ತರ. ಗೈಡು ತಲೆ ಆಡಿಸಿದರು. ಥೀಸಿಸ್ ಒಪ್ಪಿಸುವ ಮುಂಚಿನ ಸೆಮಿನಾರಿಗೆ ದಿನ ಗೊತ್ತಾಯಿತು. ಹೊರಡುವ ಹಿಂದಿನ ಸಂಜೆ ಅತ್ತೆ ಎಳ್ಳು ಹುರಿಯುತ್ತಾ, "ನಾನೂ ಬತ್ತೀನಿ. ಇಷ್ಟು ವರ್ಷ ಏನ್ ಮಾಡ್ದೆ ಅಂತ ನೋಡಾನ" ಅಂದರು. ಬೇಡ ಅನ್ನುವುದಕ್ಕೆ ಯಾವ ಮುಖ ಇತ್ತು ನನಗೆ?

ಸೆಮಿನಾರ್ ಹಾಲಿನಲ್ಲಿ ನಾನು ಪ್ರೊಜೆಕ್ಟರಿನ ಹಾಳೆಗಳನ್ನು ಜೋಡಿಸುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ಮೊದಲ ಸಾಲಿನ ಪ್ರೊಫೆಸರುಗಳ ಮುಂದೆ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಾರೆ! "ತಗಳಿ ಸಾ, ನಮ್ ಕೊಬ್ರಿ ಹಾಕಿ ಕಟ್ಟಿರೋ ಎಳ್ಳುಂಡೆ. ನಮ್ ಸೊಸೆ ಇವತ್ತು ಪಾಠ ಒಪ್ಪಿಸ್ತಾಳೆ." ಒಬ್ಬರು ಸಕ್ಕರೆ ಕಾಯಿಲೆ ಅಂದರು, ಒಬ್ಬರು ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡರು. ಬೇರೆ ಊರಿನಿಂದ ಬಂದಿದ್ದ ಬೋಳುತಲೆಯ ಪರೀಕ್ಷಕರು ಮಾತ್ರ ಅಲ್ಲೇ ಬಾಯಿಗೆ ಹಾಕಿಕೊಂಡರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ. ಕಣ್ಣು ದೊಡ್ಡದು ಮಾಡಿ ಸನ್ನೆ ಮಾಡಿದೆ. ಅತ್ತೆ ನೋಡಿದರು. ಡಬ್ಬಿಯ ಮುಚ್ಚಳ ಹಾಕಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹಿಂದಿನ ಬೆಂಚಿನ ತುದಿಗೆ ಹೋಗಿ ಕೂತರು.

ನನ್ನ ಮಾತು ಚೆನ್ನಾಗಿಯೇ ನಡೆಯಿತು. ಇಂಗ್ಲಿಷಿನಲ್ಲಿ, ಒಂದೂ ತಡೆಯಿಲ್ಲದೆ. ಎರಡು ಗೆರೆಗಳು ಒಂದಾಗಿ ಕೂತ ಹಾಳೆಯನ್ನು ಕೊನೆಯಲ್ಲಿ ಹಾಕಿದಾಗ ನನಗೇ ಹೆಮ್ಮೆ. ಆಮೇಲೆ ಆ ಪರೀಕ್ಷಕರು ಕನ್ನಡದಲ್ಲೇ, ಬಹಳ ಮೆಲ್ಲಗೆ ಕೇಳಿದರು. "ಇದು ಜಾಸ್ತಿ, ಇದು ಕಮ್ಮಿ ಅಂತ ಹಂಚಿದೀರಲ್ಲಮ್ಮಾ, ಅದು ಡಿಕ್ಕಿಗೆ ಮುಂಚಿನ ಲೆಕ್ಕ ಅಲ್ವಾ? ಡಿಕ್ಕಿಯಾದ ಮೇಲೆ ನ್ಯೂಟ್ರಾನುಗಳು ಆ ಕಡೆಯಿಂದ ಈ ಕಡೆಗೆ ಹರಿದಿರ್ತವೆ, ಕೆಲವು ಹಾರಿಯೇ ಹೋಗಿರ್ತವೆ. ಬಿಸಿ ಅಳೆದಿದ್ದೀರಲ್ಲ, ಆ ಹೊತ್ತಿನಲ್ಲಿ ಅದರೊಳಗೆ ಉಳಿದಿದ್ದು ಎಷ್ಟು?"

ನಾನು ಹಾಳೆಗಳನ್ನು ಹಿಂದೆ ಮುಂದೆ ತಿರುವಿ ಹುಡುಕತೊಡಗಿದೆ, ಅವರೇ ಮುಂದುವರಿಸಿದರು.

"ಸುತ್ತ ಇಟ್ಟಿದ್ದ ಯಂತ್ರ ಹಾರಿಹೋದ ನ್ಯೂಟ್ರಾನುಗಳನ್ನೂ ಎಣಿಸಿದೆ. ಆ ಸಂಖ್ಯೆ ನಿಮ್ಮ ಸೀಡಿಯಲ್ಲೇ ಇರಬೇಕಲ್ಲ?"

ಇತ್ತು. ನಾನೇ ತೆಗೆದು ಪಕ್ಕಕ್ಕೆ ಹಾಕಿದ್ದೆ. ಬೇಕಿಲ್ಲದ ಕಸ ಅಂದುಕೊಂಡಿದ್ದೆ. ಯಾಕೆ ಅಂತೀರಾ? ಜಾಸ್ತಿ ನ್ಯೂಟ್ರಾನಿನ ಮನೆಯಿಂದ ಬಂದದ್ದು ಕೊನೆಯ ತನಕ ಜಾಸ್ತಿಯದೇ ಅಂತ ನಾನು ನಂಬಿದ್ದೆ. ನಂಬಿದ್ದೆ ಅನ್ನುವುದೂ ಸುಳ್ಳು, ಆ ವಿಚಾರವೇ ತಲೆಗೆ ಬಂದಿರಲಿಲ್ಲ. ಹಂದನಕೆರೆಯಿಂದ ಬಂದವರು ಹಂದನಕೆರೆಯಮ್ಮ, ಬಿಳಿಗೆರೆಯಿಂದ ಬಂದವಳು ಬಿಳಿಗೆರೆಯೋಳು, ನಡುವೆ ಎಷ್ಟು ಕಾದರೂ, ಏನೇನು ಕಳೆದುಕೊಂಡರೂ. ಹೊರಟ ಊರಿನ ಹೆಸರನ್ನು ಬೀಜಗಳಿಗೂ ಅಂಟಿಸಿ ಗುಡ್ಡೆ ಹಾಕಿದ್ದೆ. ನ್ಯೂಟ್ರಾನು ಕಳೆದುಕೊಂಡು ಬಡವಾದದ್ದೂ ಗಳಿಸಿ ಶ್ರೀಮಂತವಾದದ್ದೂ ಎರಡೂ ಗುಡ್ಡೆಯಲ್ಲಿ ಬೆರೆತುಹೋಗಿದ್ದವು. ಹಾಗೆ ಬೆರೆಸಿದ ಮೇಲೆ ಗೆರೆಗಳು ಒಂದಾಗದೆ ಇನ್ನೇನಾಗುತ್ತವೆ? ನನ್ನ ದೊಡ್ಡ ಉತ್ತರ ಅಂದರೆ ನನ್ನದೇ ಕಲಬೆರಕೆ.

ಗೈಡು ಚಾವಣಿ ನೋಡುತ್ತಿದ್ದರು. ಎಲ್ಲ ಮೊದಲಿಂದ ವಿಂಗಡಿಸಿ, ಒಂದು ವರ್ಷದ ಕೆಲಸ, ಆಮೇಲೆ ಬನ್ನಿ ಅಂತ ತೀರ್ಮಾನವಾಯಿತು. ಯಾರೂ ಗದರಲಿಲ್ಲ. ಗದರಿದ್ದರೆ ತಿರುಗಿ ಒಂದು ಮಾತು ಆಡಿ ಜೀವ ಹಗುರ ಮಾಡಿಕೊಳ್ಳುತ್ತಿದ್ದೆನೇನೋ. ಚಹಾ ಕೊಡುವಾಗ ನಾನು ವರಾಂಡದಲ್ಲಿ ನೋಟಿಸು ಬೋರ್ಡಿಗೆ ಮುಖ ಮಾಡಿ ನಿಂತೆ. ಅಲ್ಲಿ ಯಾವುದೋ ಹಳೆಯ ವೇಳಾಪಟ್ಟಿ ಇತ್ತು, ಅದನ್ನೇ ಓದಿದೆ. ಒಮ್ಮೆ ತಿರುಗಿದಾಗ ಅತ್ತೆ ಆ ಪರೀಕ್ಷಕರ ಹತ್ತಿರ ನಿಂತು ಮತ್ತೆ ಡಬ್ಬಿ ತೆಗೆಯುತ್ತಿದ್ದರು. ಅಯ್ಯೋ ಶಿವನೇ, ಇನ್ನೂ ಮುಗಿದಿಲ್ಲವಾ ಈ ಉಂಡೆಯ ಪುರಾಣ ಅಂತ ಹಲ್ಲು ಕಚ್ಚಿಕೊಂಡು ಮತ್ತೆ ಬೋರ್ಡಿಗೆ ತಿರುಗಿದೆ.

ವಾಪಸ್ಸು ರೈಲಿನಲ್ಲಿ ಅತ್ತೆ ಏನೂ ಕೇಳಲಿಲ್ಲ. ತುಮಕೂರು ದಾಟಿದ ಮೇಲೆ "ಊಟ ಮಾಡ್ತೀಯೇನೇ? ಬುತ್ತಿ ಐತೆ" ಅಂದರು. ಬೇಡ ಅಂದೆ. ಅವರೂ ಬಿಚ್ಚಲಿಲ್ಲ. ಕಿಟಕಿಯ ಆಚೆ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಜಪ ಮಾಡುತ್ತಿದ್ದಾರೆ ಅಂದುಕೊಂಡೆ. ಇವರಿಗೇನು, ಏನಾಯಿತು ಅಂತಲೂ ಅರ್ಥವಾಗಿಲ್ಲ, ನೆಮ್ಮದಿಯಾಗಿದ್ದಾರೆ ಅಂತ ನನ್ನೊಳಗೇ ಸಿಡಿಮಿಡಿಗೊಂಡೆ. ಆ ಹೊತ್ತು ನನ್ನಷ್ಟು ಸಣ್ಣ ಮನಸ್ಸಿನವಳು ಆ ರೈಲಿನಲ್ಲಿ ಇನ್ನೊಬ್ಬಳು ಇರಲಿಲ್ಲ.

ಮನೆಗೆ ಬಂದಾಗ ಮಾವನ ಪೂಜೆ ಮುಗಿದಿತ್ತು. ಪಕ್ಕದ ಮನೆಯವರು ಮಾಡಿಕೊಟ್ಟಿದ್ದ ಮುದ್ದೆ ತಟ್ಟೆಯಲ್ಲಿತ್ತು. ನನ್ನ ಗಂಡನೂ ಮಗಳೂ ಅವರ ಪಕ್ಕ ಊಟಕ್ಕೆ ಕೂತಿದ್ದರು. "ಏನಾಯ್ತು, ಮುಗೀತಾ?" ಅಂದರು ಮಾವ. ನಾನು ಎಂದಿನಂತೆ ಬಾಗಿಲ ಹತ್ತಿರ ನಿಂತೆ.

ಅತ್ತೆ ಕಂಬಕ್ಕೆ ಒರಗಿ ಕೂತು ಶುರು ಮಾಡಿದರು. "ಏನ್ ಹೇಳ್ಲಿ ಬುಡ್ರಿ, ನನ್ನಿಂದ ಕೆಟ್ಟೋಯ್ತು. ದೊಡ್ಡ ದೊಡ್ಡ ಮೇಷ್ಟ್ರುಗಳು ಕೂತಿದ್ರು, ನಾನು ಹೋಗಿ ಉಂಡೆ ಹಂಚ್ಕಂಡು ಬಾಯಿಗೆ ಬಂದಂಗೆ ಮಾತಾಡ್ಬುಟ್ಟೆ. ಇದೇನು ಸಂತೆಯಾ ಅಂತ ಅವರಿಗೆ ಸಿಟ್ಟು ಬಂತು. ಇವತ್ತು ಬೇಡ, ಮುಂದಿನ ವರ್ಷ ಬಾ ಅಂತ ಇವಳನ್ನ ಕಳಿಸ್ಬುಟ್ರು."

ಮಾವನ ಮುಖ ಕೆಂಪಾಯಿತು. "ನಿನ್ನ ಯಾರು ಹೋಗು ಅಂದಿದ್ದು? ಬುದ್ಧಿ ಗಿದ್ದಿ ಐತಾ?"

"ಇಲ್ಲ ಕಣ್ರೀ. ಹೋಗಬಾರದಿತ್ತು. ನಾನ್ ಮಾಡಿದ್ದಕ್ಕೆ ಆ ಮಗೀಗ್ಯಾಕೆ ಶಿಕ್ಷೆ? ಅದೊಂದು ವರ್ಷ—"

ಅಲ್ಲಿಗೆ ನನ್ನ ತಡೆ ಕಿತ್ತುಹೋಯಿತು. ಪಾಪ, ಏನೂ ತಿಳಿಯದ ಹೆಂಗಸು ಎಲ್ಲ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದೆಯಲ್ಲ ಅನ್ನಿಸಿತು. "ಇಲ್ಲ ಮಾವ! ಅತ್ತೇದೇನೂ ತಪ್ಪಿಲ್ಲ. ತಪ್ಪು ನನ್ನದು. ಇಷ್ಟು ವರ್ಷ ನಾನು ವಿಂಗಡಿಸಿದ್ದೇ ತಪ್ಪು. ಎಲ್ಲ ಮೊದಲಿಂದ ಮಾಡಬೇಕು." ಹೇಳಿ ಮುಗಿಸಿದಾಗ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟು ದೊಡ್ಡ ಮನಸ್ಸು ನನ್ನದು ಅಂತ ನನಗೇ ಅನ್ನಿಸಿತ್ತು.

ಅತ್ತೆ ಕಣ್ಣು ಮುಚ್ಚಿಕೊಂಡರು. ಮಾವ ಕೈಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಅಂದ್ರೆ ಇಷ್ಟು ವರ್ಷ ಮಾಡಿದ್ದೆಲ್ಲ ತಪ್ಪಾ?"

"ಹೌದು."

"ಹಂಗಾದ್ರೆ ಸಾಕು ಬುಡಮ್ಮ. ನಿಮ್ಮತ್ತೆ ಕೈ ನೋಡಿದೀಯಾ ನೀನು?" ಬೈದಿದ್ದರೂ ಚೆನ್ನಾಗಿತ್ತು, ಮೆತ್ತಗೆ ಹೇಳಿದರು. ನನ್ನ ಗಂಡ ತಲೆ ಎತ್ತಲಿಲ್ಲ.

ಅತ್ತೆ ಎದ್ದು ಅಡಿಗೆಮನೆಗೆ ಹೋದರು. ನಾನು ಹಿಂದೆಯೇ ಹೋದೆ. ಸಮಾಧಾನ ಮಾಡುವರು, ಒಳ್ಳೆ ಮಾತು ಹೇಳುವರು ಅನ್ನುವ ಆಸೆ ಇತ್ತು. ಅವರು ತಿರುಗಿದಾಗ ಆ ಕಣ್ಣು ನೋಡಿ ಹೆದರಿದೆ.

"ಬಾಯಿಗೆ ಬೀಗ ಹಾಕ್ಕಂಡು ಬಾಗ್ಲಿಂದೆ ನಿಂತ್ಕಳದು ಇಷ್ಟು ವರ್ಷ ಚೆನ್ನಾಗಿ ಬತ್ತಿತ್ತಲ್ಲೇ ನಿಂಗೆ. ಇವತ್ತೇ ಯಾಕೆ ಮಾತು ಬಂತು?"

"ಅತ್ತೆ, ನಿಮ್ಮ ಮೇಲೆ ಸುಮ್ಮನೆ ಅಪವಾದ..."

"ನಂಗೇನೂ ಗೊತ್ತಿಲ್ಲ ಅಂದ್ಕಂಡ್ಯಾ? ಆ ಬೋಳುತಲೆ ಮೇಷ್ಟ್ರು ಎಲ್ಲ ಹೇಳಿದ್ರು ಕಣೇ. ನಾನೇ ಹೋಗಿ ಕೇಳ್ದೆ, ಯಾಕ್ಸಾ ನಮ್ ಹುಡುಗಿ ಮಕ ಅಂಗಾಯ್ತು ಅಂತ. ಎಲ್ಲಿಂದ ಬಂತು ಅಂತ ನೋಡಿ ಗುಡ್ಡೆ ಹಾಕಿದಾಳೆ, ಏನ್ ಉಳೀತು ಅಂತ ನೋಡಿ ಹಾಕ್ಬೇಕಿತ್ತು, ಚೂಟಿ ಇದಾಳೆ, ಒಂದು ವರ್ಷ ಕೊಟ್ರೆ ಮಾಡ್ತಾಳೆ, ಬುಡಿಸಬೇಡ್ರಮ್ಮ ಅಂದ್ರು. ರೈಲಲ್ಲಿ ಬಾಯಿ ಮುಚ್ಕಂಡು ಈ ಕತೇನೇ ಕಟ್ಕಂಡು ಬಂದೆ. ನಂದು ತಪ್ಪು ಅಂದ್ರೆ ನಿಮ್ ಮಾವ ಬೈದು ಸುಮ್ಕಾಗರು. ಬೈಸ್ಕಳದೇನು ನಂಗೆ ಹೊಸದಾ? ಬೈಸ್ಕಂಡು ನಿಂಗೊಂದು ವರ್ಷ ತತ್ತಿದ್ದೆ. ನಾನ್ ಇನ್ನೊಂದು ಮಾತು ಆಡಿದ್ರೆ ಕೆಲ್ಸ ಆಗೋಗದು."

ನಾಚಿಕೆ ಅನ್ನುವುದು ಅಂಗಾಲಿನಿಂದ ಏರುತ್ತದೆ ಅಂತ ಅವತ್ತು ಗೊತ್ತಾಯಿತು. ಸೆಮಿನಾರ್ ಹಾಲಿನಲ್ಲಿ ಆದದ್ದು ಇದರ ಮುಂದೆ ಏನೂ ಅಲ್ಲ. ಏನೂ ತಿಳಿಯದ ಹೆಂಗಸು ಅಂದುಕೊಂಡಿದ್ದೆನಲ್ಲ ನಾನು, ಇವರನ್ನು! ಕಾಲಿಗೆ ಬೀಳಲು ಬಗ್ಗಿದೆ. ಅತ್ತೆ ಹಿಂದಕ್ಕೆ ಸರಿದರು.

"ಕಾಲು ಗೀಲು ಬೇಡ. ಮಜ್ಜಿಗೆ ಚೊಂಬು ತಗಂಡು ಹೋಗು. ಅವರಿನ್ನೂ ಊಟದಿಂದ ಎದ್ದಿಲ್ಲ. ನಿನ್ ಬಾಯಲ್ಲೇ ಕೇಳು. ನಾನಿನ್ನು ಕೇಳಕಿಲ್ಲ."

ಚೊಂಬು ಹಿಡಿದು ಮಾವನ ಮುಂದೆ ನಿಂತೆ. ಆ ಮನೆಗೆ ಬಂದಾಗಿನಿಂದ ಅವರ ಹತ್ತಿರ ನಾನಾಗಿ ಏನನ್ನೂ ಕೇಳಿದವಳಲ್ಲ. ಮಜ್ಜಿಗೆ ತಟ್ಟೆಗಿಂತ ನೆಲಕ್ಕೇ ಹೆಚ್ಚು ಬಿತ್ತು.

"ಮಾವ, ನನಗೆ ಇನ್ನೊಂದು ವರ್ಷ ಬೇಕು."

ಅವರು ನನ್ನ ಕಡೆ ನೋಡಲಿಲ್ಲ. ಅಡಿಗೆಮನೆಯ ಬಾಗಿಲ ಕಡೆ ನೋಡಿ, ಸ್ವಲ್ಪ ಜೋರಾಗಿಯೇ ಕೇಳಿದರು. "ಮುದ್ದೆ ಯಾರು ತಿರುವ್ತಾರೆ?"

ಇಷ್ಟು ವರ್ಷ ಅವರು ಏನು ಕೇಳಿದರೂ ಪ್ರಶ್ನೆ ಮುಗಿಯುವ ಮುಂಚೆಯೇ ಒಳಗಿನಿಂದ ಉತ್ತರ ಬರುತ್ತಿತ್ತು. ಈಗ ಕಾದೆ. ಮಾವನೂ ಕಾದರು. ಒಳಗಿನಿಂದ ಒಂದು ಸೌಟಿನ ಸದ್ದೂ ಬರಲಿಲ್ಲ.

"ನಾನು ತಿರುವ್ತೀನಿ ಮಾವ."

"ನಿಂಗೆ ಬತ್ತದೇನಮ್ಮ?"

"ಇಲ್ಲ" ಅಂದೆ. ನನ್ನ ಮಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. "ಕಲೀತೀನಿ."

ಮಾವ ಮಜ್ಜಿಗೆ ಸಾಕು ಅಂತ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. "ಕಲ್ತ್ಕೋ ಮತ್ತೆ" ಅಂದು ಎದ್ದು ಕೈ ತೊಳೆಯಲು ಹೋದರು.

ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಗಂಟು ಗಂಟು ಮುದ್ದೆ ತಿಂದರು. ಪಕ್ಕಕ್ಕೆ ಹಾಕಿದ್ದ ಸಂಖ್ಯೆಗಳನ್ನು ಮತ್ತೆ ಹುಡುಕಿ ತೆಗೆದು, ಬೀಜಗಳನ್ನು ಮೊದಲಿಂದ ಗುಡ್ಡೆ ಹಾಕಿದೆ. ಈ ಸಲ ಹಾರಿಹೋದದ್ದನ್ನು ಕಳೆದು, ಬಿಸಿಯಾಗಿದ್ದ ಹೊತ್ತಿನಲ್ಲಿ ಒಳಗೆ ಉಳಿದದ್ದು ಎಷ್ಟು ಅನ್ನುವ ಲೆಕ್ಕದಲ್ಲಿ. ಗೆರೆಗಳು ಬೇರೆಯಾದವು. ನ್ಯೂಟ್ರಾನು ಜಾಸ್ತಿ ಉಳಿದ ಬೀಜ, ಅಷ್ಟೇ ಶಕ್ತಿ ಉಂಡರೂ, ಕೊಂಚ ತಣ್ಣಗಿತ್ತು. ಜಾಸ್ತಿ ಉಳಿದಷ್ಟೂ ತಣ್ಣಗೆ. ವ್ಯತ್ಯಾಸ ಸಣ್ಣದು, ಆದರೆ ಗೆರೆಯಿಂದ ಗೆರೆಗೆ ತಪ್ಪದೆ ಇತ್ತು.

ಕಾಲೇಜಿನಿಂದ ಓಡಿ ಬಂದು ಅತ್ತೆಗೇ ಮೊದಲು ಹೇಳಿದೆ. ಜಗುಲಿಯ ಮೇಲೆ ಬಲಗೈ ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಎಲ್ಲ ಕೇಳಿದರು. "ಕೊಂಚ ಅಂದ್ರೆ ಎಷ್ಟು?" ಅಂದರು. ಬಹಳ ಕೊಂಚ ಅಂದೆ. ನಕ್ಕರು. ಆ ನಗು ನೋಡಿ ಧೈರ್ಯ ಬಂದು, "ಅತ್ತೆ, ಮಾವಂಗೆ ನೀವು ಹೇಳ್ತೀರಾ, ಮುಗೀತು ಅಂತ?" ಅಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಏನು ಅಂದೆ ಅಂತ.

ಅತ್ತೆ ಎಣ್ಣೆ ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಮಾವನ ಮಂಡಿಯ ಕಡೆ ಹೊರಟೆ.